ಫೋಟೋದಲ್ಲಿ ನಾಲ್ಕನೆಯವನು

ಇಂಡಿ ಪಟ್ಟಣದ ಮನೆಗಳಲ್ಲಿರುವ ಅಲ್ಬಮ್‌ಗಳನ್ನು ತಿರುವಿ ಹಾಕಿದರೆ, ಊರಿನ ಅರ್ಧಕ್ಕರ್ಧ ಮನೆತನಗಳಿಗೆ ನಬಿಲಾಲ ಎಂಬವನು ಹತ್ತಿರದ ಸಂಬಂಧಿಯಿರಬೇಕು ಎಂದು ಹೊರಗಿನವರಿಗೆ ಅನಿಸುತ್ತದೆ. ಗಂಡ, ಹೆಂಡತಿ, ಒಂದು ಕೂಸು; ಬದಿಗೆ ನಬಿಲಾಲ. ಅಣ್ಣ, ತಮ್ಮ, ತಂಗಿ, ಬದಿಗೆ ನಬಿಲಾಲ. ಹೆಗಲ ಮೇಲೆ ಟವೆಲ್ಲು, ಮುಖದ ಮೇಲೆ ಒಲೆಯ ಮೇಲಿಟ್ಟು ಬಂದ ಹಾಲಿನ ಚಿಂತೆ. ಆದರೆ ಅವನು ಇವರಲ್ಲಿ ಯಾರಿಗೂ ಏನೂ ಆಗಬೇಕಾದವನಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಕಲ್ಮೇಶನ ಫೋಟೋ ಸ್ಟುಡಿಯೋಕ್ಕೆ ಅಂಟಿಕೊಂಡು ಚಹಾದ ಅಂಗಡಿ ಇಟ್ಟವನು.

ಕಲ್ಮೇಶ ಮೂರು ಮಂದಿಯ ಫೋಟೋ ತೆಗೆಯುವುದಿಲ್ಲ. ಮೂವರು ಒಂದೇ ಫೋಟೋದಲ್ಲಿ ನಿಂತರೆ ಅವರಲ್ಲಿ ಒಬ್ಬರು ಬೇಗ ಕಡಿಮೆಯಾಗುತ್ತಾರೆ ಎಂಬ ಮಾತನ್ನು ಈ ಕಡೆ ಕೇಳದವರಿಲ್ಲ. ಎಲ್ಲರೂ ಅದನ್ನು ನಂಬುತ್ತಾರೆ, ಯಾರೂ ಪಾಲಿಸುವುದಿಲ್ಲ. ಫೋನಿನಲ್ಲೇ ಕ್ಯಾಮೆರಾ ಬಂದ ಮೇಲಂತೂ ಮೂರು ಮಂದಿ, ಮೂರು ನೂರು ಸಲ. ಕಲ್ಮೇಶ ಮಾತ್ರ ಜಗ್ಗಿದವನಲ್ಲ. ಗಿರಾಕಿ ಮೂವರಿದ್ದರೆ ಕ್ಯಾಮೆರಾ ಕೆಳಗಿಟ್ಟು, ಬಾಗಿಲಿಗೆ ಬಂದು, "ನಬಿ, ಬಾ ಇಲ್ಲೆ" ಎಂದು ಕೂಗುತ್ತಾನೆ. ನಬಿಲಾಲ ಕೈ ಒರೆಸಿಕೊಂಡು ಬಂದು ನಿಲ್ಲುತ್ತಾನೆ. ಹೀಗೆ ನಿಂತೂ ನಿಂತೂ ಅವನು ಹಲಸಂಗಿಯಿಂದ ಸಿಂದಗಿಯವರೆಗೆ ನಾನಾ ಮನೆಗಳ ಗೋಡೆ ಹತ್ತಿದ್ದಾನೆ.

ಫೋಟೋದ ವಿಷಯದಲ್ಲಿ ಇಂಡಿಯಲ್ಲಿ ಕಲ್ಮೇಶನದು ಕೊನೆಯ ಮಾತು. ಆ ಪಟ್ಟ ಯಾರೂ ಕೊಟ್ಟದ್ದಲ್ಲ, ತಾನೇ ಕಟ್ಟಿಕೊಂಡದ್ದು. ಯುರೋಪಿಗೆ ಹೊರಟವರು ಬ್ಯಾಗು ಕೊಳ್ಳುವ ಮೊದಲು ಅವನ ಹತ್ತಿರ ಬಂದು ಫೋಟೋ ತೆಗೆಯುವ ಕ್ರಮ ಕೇಳಿಕೊಂಡು ಹೋಗುವ ಪದ್ಧತಿ ಬೆಳೆದುಬಿಟ್ಟಿತು. ಸೊಲ್ಲಾಪುರದಾಚೆ ಹೆಚ್ಚು ಕಾಲಿಡದ ಕಲ್ಮೇಶ, ರೋಮಿನ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಕೂತಲ್ಲೇ ಹೇಳುತ್ತಿದ್ದ. ನಿಂಬೆಹಣ್ಣಿನ ವ್ಯಾಪಾರಿ ರೇವಪ್ಪ ಹೆಂಡತಿಯೊಡನೆ ಹೊರಟಾಗ ಒಂದು ತಾಸು ಕೂರಿಸಿಕೊಂಡು ಬುದ್ಧಿ ಹೇಳಿದ್ದ.

"ಅಲ್ಲಿ ಕಟ್ಟಡ ಭಾಳ ಎತ್ತರ ಇರ್ತಾವ್ರಿ ರೇವಪ್ಪಣ್ಣ. ಕಟ್ಟಡ ಅರ್ಧ ಹೋದ್ರೂ ನಡೀತೈತಿ, ನಿಮ್ಮ ಕಾಲ ಹೋಗಬಾರದು. ಕಟ್ಟಡ ಅಲ್ಲೇ ಇರ್ತೈತಿ, ತಿರುಗಿ ಬರೋರು ನೀವು."

ರೇವಪ್ಪ ಚಾಚೂ ತಪ್ಪದೆ ಪಾಲಿಸಿದ. ಹದಿನಾಲ್ಕು ದಿನಗಳ ಪ್ರವಾಸದ ಸಾವಿರದಿನ್ನೂರು ಫೋಟೋಗಳಲ್ಲಿ ಗಂಡಹೆಂಡಿರ ನಾಲ್ಕೂ ಚಪ್ಪಲಿಗಳು ಸ್ಪಷ್ಟವಾಗಿ ಬಂದಿವೆ, ಒಂದೇ ಒಂದು ಗೋಪುರದ ತುದಿ ಬಂದಿಲ್ಲ. ರೇವಪ್ಪನಿಗೆ ಪರಮ ಸಂತೋಷ. ಯಾವ ಊರು ಯಾವುದೆಂದು ಈಗ ಅವನಿಗೂ ಗೊತ್ತಾಗುವುದಿಲ್ಲ, ಅಷ್ಟೇ.

ಇಂಥ ಪಂಡಿತನಿಗೆ ಸ್ವತಃ ಯುರೋಪ್ ನೋಡುವ ಯೋಗ ಬಂದದ್ದು ಮೊನ್ನೆಯ ಬೇಸಿಗೆಯಲ್ಲಿ. ಹುಬ್ಬಳ್ಳಿಯ ಕಡೆಯ ಅಲ್ಬಮ್ ಮುದ್ರಿಸುವ ಒಂದು ಕಂಪನಿ, ಹೆಚ್ಚು ಮದುವೆ ಅಲ್ಬಮ್ ಮಾಡಿಸಿದ ಸ್ಟುಡಿಯೋದವರನ್ನು ಪ್ರಾಗ್ ಎಂಬ ಹಳೆಯ ಊರಿಗೆ ಕರೆದುಕೊಂಡು ಹೋಗುವುದಾಗಿ ಸಾರಿತು. ಗಂಡ, ಹೆಂಡತಿ, ಜೊತೆಗೆ ಮಕ್ಕಳಲ್ಲಿ ಒಬ್ಬರು. ಆ ವರ್ಷ ಇಂಡಿ ತಾಲ್ಲೂಕಿನಲ್ಲಿ ಲಗ್ನವಾಗದೆ ಉಳಿದವರೇ ಕಡಿಮೆ. ಕಲ್ಮೇಶನ ಹೆಸರು ಪಟ್ಟಿಯಲ್ಲಿ ಮೇಲೆ ಬಂತು.

ಹೆಂಡತಿ ಜಯಮಾಲಾ ನಾಲತವಾಡದವಳು. ಮಾತು ಕಡಿಮೆ. ಪಾಸ್‌ಪೋರ್ಟ್ ಕೈಗೆ ಬಂದ ದಿನ, ರೊಟ್ಟಿ ಬಡಿಯುತ್ತಲೇ ಹೇಳಿದಳು.

"ನನಗ ಅಲ್ಲಿ ಒಂದ ಫೋಟೋ ಬೇಕ್ರಿ. ನೀವು, ನಾನು, ವಿದ್ಯಾ. ಮತ್ಯಾರೂ ಬ್ಯಾಡ."

"ನಬಿಲಾಲ ಅಲ್ಲಿ ಇರೂದಿಲ್ಲಲ್ಲ" ಎಂದ ಕಲ್ಮೇಶ.

"ಇರೂದಿಲ್ಲ ಅಂತನ ಕೇಳಾಕತ್ತೇನಿ."

ಕಲ್ಮೇಶ ಚಟ್ನಿಯ ಕಡೆ ನೋಡಿದ. ಮಾತು ತಪ್ಪಿಸಿಕೊಳ್ಳಬೇಕಾದಾಗ ಅವನು ತಾಟಿನೊಳಗಿನ ಪದಾರ್ಥವನ್ನು ಹೊಸದಾಗಿ ಕಂಡವನಂತೆ ನೋಡುತ್ತಾನೆ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರ ಮನೆಯಲ್ಲಿ ಇರುವವರು ಮೂವರೇ: ಗಂಡ, ಹೆಂಡತಿ, ವಿಜಯಪುರದಲ್ಲಿ ಫಾರ್ಮಸಿ ಓದುವ ಮಗಳು ವಿದ್ಯಾವತಿ. ಆದ್ದರಿಂದಲೇ ಅವರ ಪಡಸಾಲೆಯ ಪ್ರತಿಯೊಂದು ಫೋಟೋದಲ್ಲೂ ನಬಿಲಾಲನಿದ್ದ. ತೊಟ್ಟಿಲ ಹಬ್ಬದಲ್ಲಿದ್ದ, ಹುಟ್ಟುಹಬ್ಬದಲ್ಲಿದ್ದ, ದೀಪಾವಳಿಯಲ್ಲಿ ಹೊಸ ಅಂಗಿ ತೊಟ್ಟು ನಿಂತಿದ್ದ. ಎರಡನೇ ಇಯತ್ತೆಯಲ್ಲಿ 'ನನ್ನ ಕುಟುಂಬ' ಎಂದು ಬರೆಯಲು ಹೇಳಿದಾಗ ವಿದ್ಯಾ ನಾಲ್ಕು ಹೆಸರು ಬರೆದದ್ದಕ್ಕೆ ಮಾಸ್ತರು ಕಲ್ಮೇಶನನ್ನು ಶಾಲೆಗೆ ಕರೆಸಿದ್ದರು.

ಮೇ ತಿಂಗಳಲ್ಲಿ ಪ್ರಯಾಣ. ಅದಕ್ಕೂ ಮೊದಲೇ ಕಲ್ಮೇಶ ಫೋನಿನಲ್ಲಿ ಪ್ರಾಗ್ ಊರಿನ ಫೋಟೋ ತೆಗೆಯುವ ಬಗೆಗಿನ ಸಲಹೆಗಳನ್ನೆಲ್ಲ ಹುಡುಕಿ, ವಿದ್ಯಾಳಿಂದ ಕನ್ನಡ ಮಾಡಿಸಿಕೊಂಡು, ಮದುವೆ ಆರ್ಡರಿನ ನೋಟುಬುಕ್ಕಿನಲ್ಲಿ ಇಳಿಸಿಕೊಂಡಿದ್ದ. ಪ್ರಾಗ್ ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಬಸ್ಸಿನಲ್ಲಿ ಪ್ರವಾಸದ ಮ್ಯಾನೇಜರ್ ಅನಿಲ ಊಟದ ಸಮಯ ಹೇಳಿ ಮೈಕು ಕೆಳಗಿಡುವಷ್ಟರಲ್ಲಿ ಕಲ್ಮೇಶ ಅದನ್ನು ಎತ್ತಿಕೊಂಡ. ಬಸ್ಸಿನಲ್ಲಿದ್ದವರೆಲ್ಲ ಸ್ಟುಡಿಯೋದವರು ಮತ್ತು ಅವರ ಹೆಂಡಿರುಮಕ್ಕಳು. ಇಪ್ಪತ್ತು ಮೂವತ್ತು ವರ್ಷ ಫೋಟೋ ತೆಗೆದವರಿಗೆ ಫೋಟೋ ತೆಗೆಯುವುದು ಹೇಗೆಂದು ಹೇಳಿಕೊಡಲು ಒಂದು ಎದೆಗಾರಿಕೆ ಬೇಕು. ಕಲ್ಮೇಶನಿಗೆ ಅದು ಹುಟ್ಟಿನಿಂದಲೇ ಬಂದದ್ದು.

"ಕೇಳ್ರಿ ಎಲ್ಲಾರೂ. ಇಲ್ಲಿ ಹಾದಿ ಕಲ್ಲಿಂದು, ಹೊಸಾ ಬೂಟು ಹಾಕ್ಕೋಬ್ಯಾಡ್ರಿ, ನಡಗಿದ ಕೈಲೆ ಫೋಟೋ ನಡಗತೈತಿ. ಇನ್ನೊಂದು ಬ್ಯಾಟ್ರಿ ಕಿಸೇದಾಗ ಇಟ್ಕೋರಿ. ಮಧ್ಯಾಹ್ನದ ಬಿಸಲು ಮಾರಿಗೆ ಚಲೋ ಅಲ್ಲ. ಹಳೇ ಸೇತುವೆ ನೋಡೂದಿದ್ರ ಹೊತ್ತು ಹೊಂಡೂಕಿಂತ ಮುಂಚೆ ಹೋಗಬೇಕು, ಒಂದ ಮನಷ್ಯಾ ಇರೂದಿಲ್ಲ. ಮತ್ತ ಮೂರ ಮಂದಿ ನಿಂದರಬ್ಯಾಡ್ರಿ."

ಕೊನೆಯ ಮಾತು ಯಾವ ಸಲಹೆಯಲ್ಲೂ ಇರಲಿಲ್ಲ. ಇನ್ನೂ ಹೇಳಬೇಕೆಂದರೆ, ಒಂದು ಕಡೆ 'ಮೂರು ಮಂದಿಯಿದ್ದರೆ ಚಿತ್ರಕ್ಕೆ ಒಳ್ಳೆಯ ತೂಕ ಬರುತ್ತದೆ' ಎಂದೇ ಬರೆದಿತ್ತು. ಅದನ್ನು ಕನ್ನಡ ಮಾಡಿ ಹೇಳಿದಾಗ ಕಲ್ಮೇಶ ಮಗಳಿಗೆ, "ಅದು ಅವರ ದೇಶದ ಮಂದಿಗೆ" ಎಂದು ಹೇಳಿ ಅದನ್ನು ಹೊಡೆದುಹಾಕಿಸಿದ್ದ.

ಮರುದಿನ ಹಳೆಯ ಪೇಟೆಯ ಚೌಕ. ಸುತ್ತಲೂ ಬಣ್ಣ ಬಣ್ಣದ ಮನೆಗಳು, ಮುಗಿಲಿಗೆ ಚುಚ್ಚುವ ಎರಡು ಕರಿ ಗೋಪುರಗಳು, ನಡುವೆ ಲೋಕದ ಅಷ್ಟೂ ಜನ. ಅವರೆಲ್ಲ ಅಲ್ಲಿಗೆ ಬಂದದ್ದು ಒಬ್ಬರನ್ನೊಬ್ಬರು ಫೋಟೋದಿಂದ ಆಚೆ ಸರಿಸುವುದಕ್ಕೆ. ಕಲ್ಮೇಶ ಹೆಂಡತಿ ಮಗಳನ್ನು ನಿಲ್ಲಿಸಿ ಎರಡು ತೆಗೆದ. ನಂತರ ವಿದ್ಯಾ ಫೋನು ಚಾಚಿ, "ಅಪ್ಪಾ, ನೀನೂ ಬಾ" ಎಂದಳು. ಜಯಮಾಲಾ ಸೆರಗು ಸರಿಮಾಡಿಕೊಂಡು ಕಾದಳು.

ಕಲ್ಮೇಶ ಬಂದ, ಆದರೆ ಒಬ್ಬನೇ ಬರಲಿಲ್ಲ. ಸುತ್ತಿದ ರೊಟ್ಟಿಯಂಥ ಸಿಹಿ ತಿಂಡಿ ಮಾರುವ ಒಬ್ಬ ಹುಡುಗಿಯನ್ನು ಕೈಸನ್ನೆಯಲ್ಲೇ ಒಲಿಸಿ ಕರೆತಂದಿದ್ದ. ಆಕೆ ಹಲ್ಲು ಬಿಟ್ಟು ನಿಂತಳು. ನಂತರದ ಫೋಟೋದಲ್ಲಿ ಟೋಪಿ ಹಾಕಿದ ಕೊರಿಯಾದ ಮುದುಕರೊಬ್ಬರು ನಿಂತರು. ಅದರ ನಂತರದ್ದರಲ್ಲಿ, ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗೊಂಬೆಯಂತೆ ಅಲುಗಾಡದೆ ನಿಲ್ಲುವವನೊಬ್ಬನ ಪಕ್ಕಕ್ಕೆ ಕಲ್ಮೇಶನೇ ಕುಟುಂಬವನ್ನು ಒಯ್ದು ನಿಲ್ಲಿಸಿದ. ಒಬ್ಬ ಪೋಲೀಸಿನವನನ್ನೂ ಕೇಳಿದ; ಆತ ಒಲ್ಲೆ ಎಂದ. ಒಂದು ಕಡೆ ಮುದುಕಿಯೊಬ್ಬಳು ನಾಯಿ ಹಿಡಿದು ನಿಂತಿದ್ದಳು. ಮುದುಕಿ ಬರಲೊಪ್ಪದೆ ನಾಯಿಯನ್ನು ಮಾತ್ರ ಕೊಡುತ್ತೇನೆಂದಾಗ, ನಾಯಿಯನ್ನು ನಾಲ್ಕನೆಯ ಜೀವವೆಂದು ಹಿಡಿಯಬಹುದೋ ಇಲ್ಲವೋ ಎಂದು ಕಲ್ಮೇಶ ನಡುಚೌಕದಲ್ಲಿ ನಿಂತು ಬಹಳ ಹೊತ್ತು ಯೋಚಿಸಿದ. ಕೊನೆಗೆ ಹಿಡಿದ.

ಹೀಗೆ ಒಂದೇ ದಿನದಲ್ಲಿ ಜಯಮಾಲಾಳ ಸಂಸಾರಕ್ಕೆ ಹನ್ನೊಂದು ಹೊಸ ನೆಂಟರು ಬಂದರು. ಅವಳು ಪ್ರತಿ ಫೋಟೋದಲ್ಲೂ ಒಂದೊಂದು ಗೇಣು ದೂರ ಸರಿಯುತ್ತ ಹೋದಳು. ನಾಯಿಯ ಫೋಟೋದಲ್ಲಿ ಅವಳ ಅರ್ಧ ಭುಜ ಮಾತ್ರ ಇದೆ.

ಅಲ್ಲಿ ಒಂದು ಹಳೆಯ ಗಡಿಯಾರವಿದೆ. ತಾಸಿಗೊಮ್ಮೆ ಅದರ ಕಿಟಕಿ ತೆರೆದು ಸಂತರ ಗೊಂಬೆಗಳು ಇಣುಕಿ ಹೋಗುತ್ತವೆ, ಬದಿಯಲ್ಲಿ ಎಲುಬಿನ ಗೊಂಬೆಯೊಂದು ಗಂಟೆ ಜಗ್ಗುತ್ತದೆ. ನೂರಾರು ಜನ ಕೈ ಎತ್ತಿ, ಎದುರಿನವರ ಫೋನಿನಲ್ಲಿ ಗಡಿಯಾರ ನೋಡಿದರು. ಆ ಎಲುಬಿನ ಗೊಂಬೆ ಸಾವು ಎಂದು ಅನಿಲ ವಿವರಿಸಿದ. ಕಲ್ಮೇಶ ಎತ್ತಿದ ಕ್ಯಾಮೆರಾ ಇಳಿಸಿ, ಮಗಳ ಕೈ ಹಿಡಿದು, "ನಡಿ, ಇಲ್ಲಿ ಬೆಳಕ ಚಲೋ ಇಲ್ಲ" ಎಂದು ಗುಂಪಿನಿಂದ ಆಚೆ ಎಳೆದುಕೊಂಡು ಹೋದ. ಬೆಳಕು ಚೆನ್ನಾಗಿಯೇ ಇತ್ತು.

ಸಂಜೆ ಹೋಟೆಲಿನಲ್ಲಿ, ಮನೆಯಿಂದ ತಂದ ಶೇಂಗಾದ ಚಟ್ನಿಪುಡಿ ಹಚ್ಚಿಕೊಂಡು ಚಪಾತಿ ತಿನ್ನುವಾಗ ಕಲ್ಮೇಶ ತಾನು ಮರುದಿನ ನಸುಕಿನಲ್ಲಿ ಹಳೆಯ ಸೇತುವೆಗೆ ಹೋಗುವುದಾಗಿ ಹೇಳಿದ. ಸಲಹೆಗಳಲ್ಲೆಲ್ಲ ಇದಕ್ಕೆ ಮೊದಲ ಜಾಗ. ಹಗಲಾದರೆ ಆ ಸೇತುವೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಹೋದರೆ ಕಲ್ಲು, ಮಂಜು, ನದಿ, ಅಷ್ಟೇ. ಸ್ಟುಡಿಯೋದ ಗೋಡೆಗೆ ಹಾಕಲು ಒಂದು ಖಾಲಿ ಸೇತುವೆ ಬೇಕಾಗಿತ್ತು ಅವನಿಗೆ.

"ನಾವೂ ಬರ್ತೀವ್ರಿ" ಎಂದಳು ಜಯಮಾಲಾ.

"ನಸಕಿನ್ಯಾಗ ಎದ್ದು ಏನ್ ಮಾಡ್ತಿ?"

"ಒಂದ ಮನಷ್ಯಾ ಇರೂದಿಲ್ಲ ಅಂತ ಬಸ್ಸಿನ್ಯಾಗ ನೀವ ಹೇಳಿದ್ರಲ್ಲ."

ವಿದ್ಯಾ ಅವ್ವನ ಮುಖ ನೋಡಿ ನಕ್ಕಳು. ಮೈಕು ಹಿಡಿದು ಇಡೀ ಬಸ್ಸಿಗೆ ಕೊಟ್ಟ ಸಲಹೆಯನ್ನು ಒಬ್ಬಳಾದರೂ ಗಮನವಿಟ್ಟು ಕೇಳಿದ್ದಾಳೆಂದು ಕಲ್ಮೇಶ ಅಷ್ಟಕ್ಕೇ ಹಿಗ್ಗಿದ. ಅವಳ ಮಾತು ಅವನಿಗೆ ಅರ್ಥವಾದದ್ದು ಸೇತುವೆ ಮುಟ್ಟಿದ ಮೇಲೆ.

ಐದು ಗಂಟೆಯ ಹೊತ್ತು. ಸಲಹೆ ಬರೆದವರು ಸುಳ್ಳು ಹೇಳಿರಲಿಲ್ಲ. ಉದ್ದಕ್ಕೂ ಒದ್ದೆ ಕಲ್ಲಿನ ಹಾಸು, ಎರಡೂ ಬದಿಗೆ ಸಂತರ ಕರಿ ಪ್ರತಿಮೆಗಳು, ಕೆಳಗೆ ನದಿ, ಆಚೆ ದಂಡೆಯ ಗುಡ್ಡದ ಮೇಲೆ ಅರಮನೆ. ದೂರದಲ್ಲಿ ಒಬ್ಬ ಬಿಳಿಗಡ್ಡದವನು ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿಕೊಂಡು ನಿಂತಿದ್ದ. ಅವನನ್ನು ಬಿಟ್ಟರೆ ಇಡೀ ಸೇತುವೆಗೆ ಇವರು ಮೂವರೇ. ಕಲ್ಮೇಶ ಖಾಲಿ ಸೇತುವೆಯ ಫೋಟೋಗಳನ್ನು ಮನಸೋಕ್ತ ತೆಗೆದ. ಎಲ್ಲ ಚೆನ್ನಾಗಿ ಬಂದವು. ಅರಮನೆಯ ಗೋಪುರಕ್ಕೆ ಬಿಸಿಲು ತಾಗಿತು.

"ಈಗ ತೆಗೀರಿ" ಎಂದಳು ಜಯಮಾಲಾ. ಅವಳು ಮಗಳನ್ನು ಕರೆದುಕೊಂಡು ಕಟ್ಟೆಗೆ ಬೆನ್ನು ಕೊಟ್ಟು ಆಗಲೇ ನಿಂತಾಗಿತ್ತು.

ಕಲ್ಮೇಶ ಆ ಕಡೆ ಈ ಕಡೆ ನೋಡಿದ. ಬಿಳಿಗಡ್ಡದವನ ಕಡೆ ಬೀಸಲು ಕೈ ಎತ್ತಿದ.

"ಅಂವ ನಮ್ಮ ಫೋಟೋ ತೆಗಿಯಾಂವ. ಅವನ್ನ ನಿಂದರಸಬ್ಯಾಡ್ರಿ."

"ಸ್ವಲ್ಪ ತಡಿ. ಯಾರರ ಬರ್ತಾರ."

"ಯಾರೂ ಬ್ಯಾಡ ಅಂದೇನಿ."

ಅವನು ಹತ್ತಿರದ ಪ್ರತಿಮೆಯನ್ನು ನೋಡಿದ. ತಲೆಯ ಸುತ್ತ ಐದು ನಕ್ಷತ್ರ ಹೊತ್ತು ನಿಂತ ಸಂತ. "ಇವರ ಬಾಜೂಕ ನಿಂತ್ರ..." ಎಂದು ಶುರು ಮಾಡಿ, ಹೆಂಡತಿಯ ಕಣ್ಣು ನೋಡಿ, ಮಾತು ನುಂಗಿಕೊಂಡ.

"ಇಪ್ಪತ್ತೇಳ ವರ್ಷ ತಡದೇನ್ರಿ ನಾ" ಎಂದಳು ಅವಳು.

ಇಷ್ಟು ಹೊತ್ತು ಕಲ್ಮೇಶನನ್ನು ನೋಡಿ ನಕ್ಕದ್ದಾಯಿತು. ಅವನ ಹಟಕ್ಕೆ ಒಂದು ಹೆಸರಿತ್ತು, ಅಮಿತ. ಊರಿನಲ್ಲಿ ಆ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ. ಸ್ಟುಡಿಯೋ ತೆರೆದ ದಿನ, ಪೂಜೆ ಮುಗಿದ ಮೇಲೆ, ಮೊದಲ ಫೋಟೋ ತಮ್ಮದೇ ಇರಲಿ ಎಂದು ಕಲ್ಮೇಶ ಕ್ಯಾಮೆರಾಕ್ಕೆ ಟೈಮರ್ ಇಟ್ಟು ಓಡಿಬಂದು ಹೆಂಡತಿಯ ಪಕ್ಕ ಕೂತಿದ್ದ. ಅವಳ ತೊಡೆಯ ಮೇಲೆ ಏಳು ತಿಂಗಳ ಮಗ ಅಮಿತ. ಮೂರು ಮಂದಿ. ಹತ್ತೊಂಬತ್ತನೆಯ ದಿನ ಕೂಸು ನ್ಯುಮೋನಿಯಾದಲ್ಲಿ ಹೋಯಿತು. ಕಲ್ಮೇಶನ ಅವ್ವ ಎದೆ ಬಡಿದುಕೊಂಡು, "ಮೂರ ಮಂದಿ ಯಾಕ್ ಕುಂತ್ರೋ" ಎಂದಳು. ಅವನು ಎದ್ದುಹೋಗಿ ಫೋಟೋ ಹರಿದ. ಹರಿದು ಸಮಾಧಾನವಾಗದೆ ನೆಗೆಟಿವ್ವನ್ನೂ ಒಲೆಗೆ ಹಾಕಿದ. ಕೂಸಿನ ಬೇರೆ ಫೋಟೋ ಇರಲಿಲ್ಲ. ಸ್ಟುಡಿಯೋ ತೆರೆಯುವ ಮೊದಲೂ ಊರಿನ ಮದುವೆಗಳ ಫೋಟೋ ತೆಗೆಯುತ್ತಿದ್ದವನ ಮನೆಯಲ್ಲಿ 'ನಾಳೆ ತೆಗೆದರಾಯಿತು' ಎಂದೇ ಏಳು ತಿಂಗಳು ಕಳೆದಿದ್ದವು. ಅಂದಿನಿಂದ ಅವನು ಯಾರ ಮನೆಯ ಮೂವರನ್ನೂ ಹಾಗೆ ಕೂರಗೊಟ್ಟಿಲ್ಲ. ಜನ ನಕ್ಕರು, ಅವನು ನಬಿಲಾಲನನ್ನು ಕೂಗಿದ. ನಬಿಲಾಲನಿಗೆ ಎಲ್ಲ ಗೊತ್ತಿತ್ತು. ಆದ್ದರಿಂದಲೇ ಹಾಲು ಉಕ್ಕಿದರೂ ಬಿಟ್ಟು ಬರುತ್ತಿದ್ದ.

ಸೇತುವೆಯ ಮೇಲೆ ಕಲ್ಮೇಶನ ದನಿ ಸಣ್ಣದಾಯಿತು.

"ಜಯಾ, ನಿನಗ ಗೊತ್ತಿಲ್ಲೇನು? ವಿದ್ಯಾ ಒಬ್ಬಾಕಿ ಅದಾಳ ನಮಗ."

"ಫೋಟೋದಿಂದ ಹೋದ ಅಂತ ನಾ ಒಂದ ದಿನಾನೂ ಅಂದಿಲ್ರಿ. ನಿಮ್ಮವ್ವ ಅಂದ್ಲು, ನೀವು ನಂಬಿದ್ರಿ. ಕೂಸಿಗೆ ಥಂಡಿ ಆಗಿತ್ತು, ನಾವು ದವಾಖಾನಿಗೆ ಒಂದ ದಿನ ತಡಾ ಮಾಡಿದ್ವಿ. ಅದು ನಮ್ಮ ತಪ್ಪು, ಕ್ಯಾಮೆರಾದ್ದಲ್ಲ." ಅವಳು ನದಿಯ ಕಡೆ ನೋಡುತ್ತ ಹೇಳುತ್ತಿದ್ದಳು. "ಹರದಿದ್ದ ಮಾತ್ರ ನೀವು ಒಬ್ರ. ನನ್ನ ಕೇಳಲಿಲ್ಲ. ನನಗ ಈಗ ಅವನ ಮುಖ ನೆನಪಾಗೂದಿಲ್ಲ."

ವಿದ್ಯಾಳಿಗೆ ಅಣ್ಣನೊಬ್ಬ ಇದ್ದನೆಂದು ಗೊತ್ತಿತ್ತು, ಫೋಟೋ ಇತ್ತೆಂದು ಗೊತ್ತಿರಲಿಲ್ಲ. ಅವಳು ಅಪ್ಪನ ಕಡೆ ನೋಡಿದಳು.

ಕಲ್ಮೇಶ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ಬೆಳಕು ಎಡಗಡೆಯಿಂದ ಬಿದ್ದಿತ್ತು. ಹಿಂದಿನ ಪರದೆ ನೀಲಿ. ಕೂಸಿನ ತಲೆಗೆ ಉಣ್ಣೆಯ ಟೊಪ್ಪಿಗೆ ಇತ್ತು, ಅದರ ಗೊಂಡೆ ಸ್ವಲ್ಪ ಹೊಳೆದೀತೆಂದು ಅವನು ಬಲ್ಬು ಹಿಂದಕ್ಕೆ ಸರಿಸಿದ್ದ. ಟೊಪ್ಪಿಗೆಯ ಬಣ್ಣ ನೆನಪಿತ್ತು. ಅದರ ಕೆಳಗೆ ಮುಖವಿರಲಿಲ್ಲ. ಹೆಂಡತಿಯಿಂದ ತಾನು ಏನು ಕಸಿದುಕೊಂಡಿದ್ದೇನೆಂಬುದು ಕಲ್ಮೇಶನಿಗೆ ಇಪ್ಪತ್ತೇಳು ವರ್ಷಗಳ ಮೇಲೆ, ಪರದೇಶದ ಸೇತುವೆಯ ಮೇಲೆ ಹೊಳೆಯಿತು. ಅವನು ಕಟ್ಟೆ ಹಿಡಿದುಕೊಂಡ.

ಜಯಮಾಲಾ ತನ್ನ ಫೋನನ್ನು ಮಗಳ ಕೈಯಲ್ಲಿ ಕೊಟ್ಟು ಬಿಳಿಗಡ್ಡದವನ ಹತ್ತಿರ ಕಳಿಸಿದಳು. ಆತ ಸಂತೋಷದಿಂದಲೇ ಬಂದ. ಕಲ್ಮೇಶ ಹೋಗಿ ಹೆಂಡತಿಯ ಬಲಕ್ಕೆ ನಿಂತ. ಎಲ್ಲಿ ನಿಲ್ಲಬೇಕು, ಯಾರು ನಡುವೆ, ಬೆಳಕು ಎಲ್ಲಿ ಎಂದು ಒಂದು ಮಾತೂ ಆಡಲಿಲ್ಲ. ಜಯಮಾಲಾ ಅವನ ತೋಳು ಹಿಡಿದುಕೊಂಡಳು. ಫೋಟೋ ಮುಗಿಯುವವರೆಗೂ ಬಿಡಲಿಲ್ಲ. ಆತ ಎರಡು ಸಲ ಒತ್ತಿ, ಫೋನು ಕೊಟ್ಟು, ಏನೋ ಒಳ್ಳೆಯ ಮಾತು ಹೇಳಿ ತನ್ನ ಸ್ಟ್ಯಾಂಡಿನ ಕಡೆ ಹೋದ.

"ಕೊಡು, ನೋಡ್ತೇನಿ" ಎಂದು ಕಲ್ಮೇಶ ಕೈ ಚಾಚಿದ.

ಅವಳು ಕೊಡಲಿಲ್ಲ. ಮೂಗಿಗೆ ಚಾಳೀಸು ಏರಿಸಿಕೊಂಡು, ದಿನಾ ಬೆಳಿಗ್ಗೆ ಊರಿಗೆಲ್ಲ ಶುಭೋದಯ ಕಳಿಸಿ ಪಳಗಿದ ಬೆರಳಿನಿಂದ ಪರದೆಯನ್ನು ಒಂದೇ ಸಮನೆ ಒತ್ತತೊಡಗಿದಳು.

"ಏನ್ ಮಾಡಾಕತ್ತಿ?"

ಅವಳು ಆ ಫೋಟೋವನ್ನು ನಾಲತವಾಡದ ತವರಿನ ಗುಂಪಿಗೆ ಕಳಿಸಿದಳು. ಬೀಗರು ಬಿಜ್ಜರ ಗುಂಪಿಗೆ ಕಳಿಸಿದಳು. ಇಂಡಿಯ ಮಹಿಳಾ ಮಂಡಳದ ಗುಂಪಿಗೆ, ವಿದ್ಯಾಳಿಗೆ, ತಮ್ಮನಿಗೆ, ರೇವಪ್ಪನ ಹೆಂಡತಿಗೆ, ಕೊನೆಗೆ ನಬಿಲಾಲನಿಗೆ. ಊರಿನಲ್ಲಿ ಆಗ ಎಂಟೂವರೆ ದಾಟಿತ್ತು, ಎಲ್ಲರೂ ಎದ್ದಿದ್ದರು. ನೂರಾ ಎಂಬತ್ತು ಮಂದಿಯ ಫೋನಿಗೆ ಮೂವರು ಹೋಗಿ ಮುಟ್ಟಿದರು. ಮುಟ್ಟಿದ್ದರ ಗುರುತು ಬೀಳುವವರೆಗೆ ಕಾದು, ಜಯಮಾಲಾ ಫೋನನ್ನು ಗಂಡನ ಕೈಯಲ್ಲಿಟ್ಟಳು.

"ಈಗ ಹರೀರಿ, ನೋಡೂಣು."